ಶಿವವ್ವನ ಕೈ ಮತ್ತು ಗೋಕಾಕದ ಬೆಲ್ಟು

೨೦೨೪ರ ಡಿಸೆಂಬರ್ ೩, ಮಂಗಳವಾರ. ಬೆಳಗಿನಿಂದಲೂ ಮೋಡ ಕವಿದಿತ್ತು. ಗೋಕಾಕ ಬಿಡುವ ಹೊತ್ತಿಗೆ ಜಿಟಿಜಿಟಿ ಹನಿ ಶುರುವಾಗಿ, ಮೂಡಲಗಿ ಮುಟ್ಟುವವರೆಗೂ ನಿಲ್ಲಲಿಲ್ಲ. ಚಳಿಗಾಲದಲ್ಲಿ ಬಂದ ಈ ಅಕಾಲದ ಮಳೆಗೆ ಕಬ್ಬು ಕಡಿಯುವವರು ಹೊಲ ಬಿಟ್ಟು ರಸ್ತೆಬದಿಯ ತಾಡಪತ್ರಿಗಳ ಕೆಳಗೆ ಕುಳಿತಿದ್ದರು. ಮೊದಲೇ ಹೇರು ತುಂಬಿಕೊಂಡಿದ್ದ ಟ್ರ್ಯಾಕ್ಟರುಗಳು ಮಾತ್ರ ಕಾರ್ಖಾನೆಯ ಕಡೆಗೆ ತೆವಳುತ್ತಿದ್ದವು. ಅವುಗಳನ್ನು ದಾಟಲಾಗದೆ ಬಾಡಿಗೆಯ ಕಾರೂ ನಿಧಾನವಾಗಿ ಸಾಗಿತು. ಆ ನಿಧಾನವೇ ಸುಜಾತಾಳಿಗೆ ಬೇಕಾಗಿತ್ತು.

ಅವಳು ಹಿಂದಿನ ಸೀಟಿನಲ್ಲಿ ಒಂದು ತಲೆದಿಂಬನ್ನು ಹೊಟ್ಟೆಗೆ ಅವುಚಿಕೊಂಡು ಕುಳಿತಿದ್ದಳು. ಸೀರೆಯ ಬದಲು ಸಡಿಲವಾದ ಮ್ಯಾಕ್ಸಿ ತೊಟ್ಟಿದ್ದಳು. ಅದರೊಳಗೆ ಪಕ್ಕೆಲುಬಿನ ಕೆಳಗಿನಿಂದ ಕಿಬ್ಬೊಟ್ಟೆಯವರೆಗೆ ಬರುವ, ಮೈಬಣ್ಣದ ಅಗಲವಾದ ಬೆಲ್ಟು ಇತ್ತು. ಆಸ್ಪತ್ರೆಯ ಕೆಳಗಿನ ಔಷಧದ ಅಂಗಡಿಯವನು ಸುತ್ತಳತೆ ಕೇಳಿ ಕೊಟ್ಟದ್ದು. ಅದಕ್ಕೆ ಗುಂಡಿಯಿಲ್ಲ, ಲಾಡಿಯಿಲ್ಲ. ಒಂದು ಅಂಚನ್ನು ಇನ್ನೊಂದರ ಮೇಲೆ ಒತ್ತಿದರೆ ಹಿಡಿದುಕೊಳ್ಳುತ್ತದೆ, ಎಳೆದರೆ ಚರ್ರೆಂದು ಬಿಡುತ್ತದೆ.

"ಪ್ರಭು, ಹಂಪ್ಸ್ ಬಂದ್ರ ಮೊದಲ ಹೇಳಪಾ," ಎಂದು ಮುಂದೆ ಕುಳಿತಿದ್ದ ಅವಳ ಗಂಡ ಮಹೇಶ ಕಾರು ನಡೆಸುವವನಿಗೆ ಹೇಳಿದ.

"ಹೇಳತೇನ್ರಿ ಅಣ್ಣಾ. ಆದ್ರ ಈ ರಸ್ತಾದಾಗ ಹಂಪ್ಸ್ ಇಲ್ಲದ ಜಾಗಾ ಬಂದಾಗ ಹೇಳೂದು ಹಗೂರ ಆಕ್ಕೇತ್ರಿ."

ಸುಜಾತಾಳಿಗೆ ನಗು ಬಂತು; ನಕ್ಕರೆ ನೋಯುತ್ತದೆಂದು ತುಟಿ ಕಚ್ಚಿಕೊಂಡಳು.

ಅವಳು ಮೂಡಲಗಿಯ ಒಂದು ಪ್ರೌಢಶಾಲೆಯಲ್ಲಿ ಗಣಿತದ ಶಿಕ್ಷಕಿ. ಎರಡೂ ಮಕ್ಕಳು ಸಿಸೇರಿಯನ್ ಹೆರಿಗೆಯಲ್ಲಿ ಹುಟ್ಟಿದವರು. ಆ ಹಳೆಯ ಹೊಲಿಗೆಯ ಜಾಗದಲ್ಲಿ ಹೊಟ್ಟೆಯ ಗೋಡೆ ಸಡಿಲಾಗಿ ಹರ್ನಿಯಾ ಆಗಿತ್ತು. ಒಮ್ಮೆ ಹೊಲಿಸಿಕೊಂಡದ್ದು ಕೆಲವು ವರ್ಷಗಳಲ್ಲಿ ಮತ್ತೆ ಬಿಟ್ಟುಕೊಂಡಿತು. ಈ ಸಲ ಒಳಗೆ ಬಲೆಯಂಥ ಒಂದು ಜಾಳಿಗೆ ಇಟ್ಟು ಹೊಲಿದಿದ್ದರು. ಮನೆಗೆ ಕಳಿಸುವ ಮುಂಜಾನೆ, ಎಲ್ಲರೂ ಡಾಕ್ಟರ್ ಬಾಯಾರು ಎನ್ನುವ, ಆಪರೇಶನ್ ಮಾಡಿದ ಹೆಣ್ಣು ಡಾಕ್ಟರು ಅವಳ ಹಾಸಿಗೆಯ ಅಂಚಿಗೆ ಕುಳಿತು, ಮಕ್ಕಳಿಗೆ ಲೆಕ್ಕ ಬಿಡಿಸಿ ಹೇಳುವಂತೆ ಹೇಳಿದ್ದರು:

"ಟೀಚರ್, ಈ ಸಲ ಚಲೋ ಹಿಡದೈತಿ. ಆದ್ರ ಮತ್ತೊಮ್ಮೆ ಹರೀತಂದ್ರ ಹೊಲಿಗಿ ಹಾಕಾಕ ಗಟ್ಟಿ ಜಾಗಾ ಉಳದಿಲ್ಲ. ಮೂರ ತಿಂಗಳ ಬೆಲ್ಟ ಬಿಡಬ್ಯಾಡ್ರಿ. ಒಂದ ತಂಬಿಗಿ ನೀರಿಗಿಂತ ಹೆಚ್ಚ ಭಾರ ಹೊಟ್ಟಿ ಮ್ಯಾಲ ಬೀಳಬಾರದು."

ದಾರಿಯುದ್ದಕ್ಕೂ ಸುಜಾತಾಳ ತಲೆಯಲ್ಲಿ ಇದೊಂದೇ ಇತ್ತು. ಈ ಹೊಲಿಗೆ ಹಿಡಿಯಬೇಕು. ಮತ್ತೊಂದು ಸಲ ಎಂಬುದಿಲ್ಲ.

ಮನೆಯ ಹೊಸ್ತಿಲಲ್ಲಿ ಅತ್ತೆ ಗೌರವ್ವ ರೊಟ್ಟಿಯ ತುಂಡು, ನೀರು ಹಿಡಿದು ನಿಂತಿದ್ದರು. ಸೊಸೆಗೆ ನಿವಾಳಿಸಿ ಬೀದಿಗೆ ಚೆಲ್ಲಿ ಒಳಗೆ ಕರೆದುಕೊಂಡರು. ಅಡುಗೆಮನೆಯ ಬಾಗಿಲಲ್ಲಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದವಳು ಶಿವವ್ವ. ಸುಜಾತಾಳ ತಾಯಿಯ ಅಕ್ಕ. ಹುಕ್ಕೇರಿ ತಾಲೂಕಿನ ಬೆಲ್ಲದ ಬಾಗೇವಾಡಿಯಿಂದ ಹಿಂದಿನ ದಿನವೇ ಬಸ್ಸು ಹತ್ತಿ ಬಂದಿದ್ದಳು.

ಮ್ಯಾಕ್ಸಿಯ ಮೇಲಿನಿಂದಲೇ ಬೆಲ್ಟನ್ನು ಮುಟ್ಟಿ ನೋಡಿ ಅವಳು ಆಡಿದ ಮೊದಲ ಮಾತು: "ಏನಬೇ ಇದು, ಎತ್ತಿಗಿ ಕಟ್ಟೂ ಪಟ್ಟಿ ಕಟ್ಟಿ ಕಳಿಸ್ಯಾರಲ್ಲ ನಿನಗ!"

*

ಶಿವವ್ವನಿಗೆ ಎಪ್ಪತ್ತರ ಮೇಲಾಗಿತ್ತು. ಮದುವೆಯಾಗಿ ಬೆಲ್ಲದ ಬಾಗೇವಾಡಿಗೆ ಬಂದ ಕೆಲವೇ ವರ್ಷಗಳಲ್ಲಿ ಗಂಡ ರಾಚಪ್ಪ ಕಾಮಾಲೆಯಿಂದ ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ಅವಳ ಅತ್ತೆ ಊರಿನ ಬಾಣಂತಿಯರಿಗೆ ಎಣ್ಣೆ ಹಚ್ಚಿ ನೀರೆರೆದು ಹೊಟ್ಟೆ ಕಟ್ಟುವವಳು. ಸೊಸೆಗೂ ಅದನ್ನೇ ಕಲಿಸಿದಳು. ಅತ್ತೆಯ ನಂತರ ಓಣಿಯಲ್ಲಿ ಯಾರಿಗೆ ಹೆರಿಗೆಯಾದರೂ ನಸುಕಿನಲ್ಲಿ ಬಂದು ಬಾಗಿಲು ತಟ್ಟುವವಳು ಶಿವವ್ವನೇ ಆದಳು. ಹಳೆಯ ಮೆತ್ತನೆಯ ಧೋತರವನ್ನು ಉದ್ದಕ್ಕೆ ಮಡಿಸಿ, ಎದೆಯ ಕೆಳಗಿನಿಂದ ಸುತ್ತುತ್ತ ಬಂದು, ಬಾಣಂತಿಯ ಸೊಂಟಕ್ಕೆ ತನ್ನ ಮೊಣಕಾಲು ಒತ್ತಿ ಜಗ್ಗಿ ಗಂಟು ಹಾಕಿದಳೆಂದರೆ ಅದು ಮರುದಿನ ಅವಳೇ ಬಿಚ್ಚುವವರೆಗೆ ಸಡಿಲಾಗುತ್ತಿರಲಿಲ್ಲ. "ಈ ಊರಾಗ ಯಾರ ಹೊಟ್ಟಿ ಚಪ್ಪಟಿ ಐತಿ ಅದಕ್ಕ ನನ್ನ ಮೊಣಕಾಲ ಕಾರಣ," ಎಂದು ಹೇಳಿಕೊಳ್ಳುತ್ತಿದ್ದಳು. ಕೊಟ್ಟಷ್ಟನ್ನು ತೆಗೆದುಕೊಳ್ಳುತ್ತಿದ್ದಳು: ಜೋಳ, ಒಂದು ಸೀರೆ, ಕೆಲವು ಮನೆಗಳಲ್ಲಿ ಬರೀ ಊಟ.

ಅವಳ ಒಂದು ನಡತೆ ಊರಿಗೆಲ್ಲ ಗೊತ್ತಿತ್ತು. ಕೂಸನ್ನು ತೊಟ್ಟಿಲಿಗೆ ಹಾಕುವ ದಿನ, ಬಾಣಂತಿಯ ಉಡಿ ತುಂಬಲು ಮುತ್ತೈದೆಯರು ಸೇರುವ ಮೊದಲೇ ಅವಳು ಕೈತೊಳೆದು ಹಿತ್ತಲ ಬಾಗಿಲಿನಿಂದ ಹೊರಟುಬಿಡುತ್ತಿದ್ದಳು. ಹೋಗು ಎಂದು ಯಾರೂ ಹೇಳಿದ್ದಿಲ್ಲ. ಇರು ಎಂದೂ ಯಾರೂ ಹೇಳಿದ್ದಿಲ್ಲ. ಗಂಡನಿಲ್ಲದವರು ಉಡಿಯ ಹತ್ತಿರ ನಿಲ್ಲಬಾರದೆಂಬುದನ್ನು ಅವಳು ತಾನೇ ತನಗೆ ವಿಧಿಸಿಕೊಂಡಿದ್ದಳು. ತನ್ನಂತಹ ಬೇರೆ ಯಾರಾದರೂ ನಿಂತರೆ ಅವರನ್ನು ಗದರಿಸುವಷ್ಟು ಕಟ್ಟುನಿಟ್ಟು. ಸುಜಾತಾಳ ಎರಡು ಬಾಣಂತನಗಳನ್ನೂ, ತಾಯಿಯಿಲ್ಲದ ಹುಡುಗಿಯೆಂದು, ಅವಳೇ ಮಾಡಿದ್ದಳು. ಎರಡೂ ಸಲ ತೊಟ್ಟಿಲ ಹಾಡು ಅವಳಿಗೆ ಕೇಳಿಸಿದ್ದು ಹಿತ್ತಲಿನಲ್ಲಿಯೇ.

*

ಮನೆಗೆ ಬಂದ ಮರುದಿನವೇ ಬೆಲ್ಟು ಕಾಡತೊಡಗಿತು. ತೇವದ ಹವೆಗೆ ಒಳಗೆ ಬೆವರಿ ತುರಿಸುತ್ತಿತ್ತು; ಮಂಚದ ಮೇಲೆ ಕಾಲು ಮಡಿಸಿ ಕುಳಿತರೆ ಮೇಲಕ್ಕೆ ಸರಿದು ಎದೆಗೂಡಿಗೆ ಒತ್ತುತ್ತಿತ್ತು. ಸುಜಾತಾ ಮತ್ತೆ ಮತ್ತೆ ಬಿಚ್ಚಿ ಹಾಕಿಕೊಳ್ಳುವ ಚರಚರ ಸದ್ದಿಗೆ ಶಿವವ್ವನ ತಾಳ್ಮೆ ಮುಗಿಯಿತು.

"ಗಂಟಿಲ್ಲದ್ದಕ್ಕ ಕಟ್ಟೂದು ಅಂತಾರೇನ? ಅದು ಅಂಟ್ಸೂದು. ನೀ ಏನ ಲಕೋಟಿ ಏನ?"

"ದೊಡ್ಡವ್ವ, ಡಾಕ್ಟರ್ ಇದನ್ನ ಹಾಕ್ಕೋ ಅಂದಾರ."

"ಆಕಿಗಿ ಎಷ್ಟ ಮಕ್ಕಳು?"

"ಒಂದಂತ."

"ಒಂದ ಹಡದಾಕೀ ಮಾತ ಕೇಳತಿಯೋ, ಊರ ತುಂಬ ಬಾಣಂತನ ಮಾಡಿದಾಕೀ ಮಾತ ಕೇಳತಿಯೋ?"

ಹೀಗೆ ಹೇಳುತ್ತಲೇ ಅವಳು ಚೀಲದಿಂದ ಧೋತರ ತೆಗೆದಿದ್ದಳು. ಸುಜಾತಾ ಇನ್ನೊಮ್ಮೆ ಬೇಡವೆನ್ನಬಹುದಿತ್ತು. ಆದರೆ ಆ ಬಟ್ಟೆ ಬಿಸಿಲಿನ, ಸೀಗೆಕಾಯಿಯ ವಾಸನೆ ಹೊತ್ತು ಮೈಮುಟ್ಟಿದಾಗ, ಇಪ್ಪತ್ತರ ಹರೆಯದ ಬಾಣಂತಿಯಾಗಿ ಇದೇ ಕೈಗಳಿಗೆ ತನ್ನನ್ನು ಒಪ್ಪಿಸಿದ್ದು ನೆನಪಾಗಿ, ಅವಳು ಸುಮ್ಮನೆ ತೋಳುಗಳನ್ನು ಮೇಲೆತ್ತಿದಳು. ಶಿವವ್ವ ಎದೆಯ ಕೆಳಗಿನಿಂದ ಸುತ್ತು ಹಾಕುತ್ತ ಬಂದು, ಮೊಣಕಾಲು ಒತ್ತಿ, ಜಗ್ಗಿ, ಬದಿಗೆ ಗಂಟು ಬಿಗಿದಳು. ಬೆನ್ನು ನೆಟ್ಟಗಾಯಿತು. ತುರಿಕೆ ನಿಂತಿತು. ಆ ರಾತ್ರಿ ಸುಜಾತಾ ಆಸ್ಪತ್ರೆ ಸೇರಿದಾಗಿನಿಂದ ಮೊದಲ ಬಾರಿ ನಡುವೆ ಎಚ್ಚರಾಗದೆ ನಿದ್ದೆ ಮಾಡಿದಳು. ಗೋಕಾಕದ ಬೆಲ್ಟು ಕಪಾಟು ಸೇರಿತು.

ಕೆಲವು ದಿನ ಹೀಗೆ ನೆಮ್ಮದಿಯಾಗಿ ಕಳೆದವು. ಒಂದು ಮುಂಜಾನೆ ಧೋತರ ಬಿಚ್ಚಿದಾಗ ಗಾಯದ ಕೆಳತುದಿಯಲ್ಲಿ ಲಿಂಬೆಹಣ್ಣಿನಷ್ಟು ಉಬ್ಬು ಕಂಡಿತು. ಬಟ್ಟೆಯ ಮೇಲೆ ತಿಳಿಹಳದಿ ನೀರಿನ ಕಲೆ ಮೂಡಿತ್ತು. ಸುಜಾತಾ ಗೋಡೆ ಹಿಡಿದು ಕುಳಿತಳು. ಹರಿಯಿತು ಎಂದೇ ಅವಳು ತಿಳಿದಳು. ಮಹೇಶ ತನ್ನ ಗೊಬ್ಬರದ ಅಂಗಡಿಯ ಬಾಗಿಲು ತೆರೆಯುತ್ತಿದ್ದವನು ಹಾಗೆಯೇ ಮುಚ್ಚಿ ಬಂದ. ಪ್ರಭುವಿನ ಕಾರು ಬಂತು. "ನಾನೂ ಬರತೇನಿ," ಎಂದು ಶಿವವ್ವ ಯಾರ ಉತ್ತರಕ್ಕೂ ಕಾಯದೆ ಮೊದಲು ಹತ್ತಿ ಕುಳಿತಳು.

*

ಗೋಕಾಕದ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದ ಡಾಕ್ಟರ್ ಬಾಯಾರು ಪರದೆಯತ್ತ ನೋಡುತ್ತಲೇ ಹೇಳಿದರು: "ಜಾಳಿಗಿ ಇದ್ದಲ್ಲೇ ಐತಿ. ಹೊಲಿಗಿ ಬಿಟ್ಟಿಲ್ಲ. ಒಳಗ ನೀರ ಕೂಡೇತಿ ಅಷ್ಟ."

ಸುಜಾತಾ ಹಿಡಿದಿದ್ದ ಉಸಿರು ಬಿಟ್ಟಳು. ಅವರು ಸೂಜಿಯಿಂದ ನೀರು ತೆಗೆದು, ಆಮೇಲೆ ಅವಳ ಪಕ್ಕೆಯ ಮೇಲೆ ಬಟ್ಟೆಯ ಮಡಿಕೆಗಳು ಮೂಡಿಸಿದ್ದ ಗೆರೆಗಳನ್ನು ಬೆರಳಿನಿಂದ ಸವರಿ ಕೇಳಿದರು: "ಇದನ್ನ ಯಾರ ಕಟ್ಯಾರ?"

"ನಾನ ಕಟ್ಕೊಂಡೇನ್ರಿ," ಎಂದಳು ಸುಜಾತಾ.

"ಸುಳ್ಳ ಹೇಳತಾಳ್ರಿ ಬಾಯಾರ," ಎಂದು ಮೂಲೆಯಿಂದ ಶಿವವ್ವನ ದನಿ ಬಂತು. "ನಾ ಕಟ್ಟೇನಿ."

ಡಾಕ್ಟರು ತಿರುಗಿ ಮುದುಕಿಯನ್ನು ನೋಡಿದರು. ಬೈಯಲಿಲ್ಲ. "ಕೈ ಗಟ್ಟಿ ಐತಿ ನಿಮ್ಮದು. ಆದ್ರ ಇನ್ನೊಂದ ವಾರ ಹಿಂಗ ಕಟ್ಟಿದ್ರ ಏನ ಆಗತಿತ್ತೋ ನಾ ಹೇಳಾಂಗಿಲ್ಲ," ಎಂದು, ನರ್ಸ್ ಭಾಗ್ಯಾಳನ್ನು ಕರೆದು ತೋರಿಸಿಕೊಡುವಂತೆ ಹೇಳಿ ಮುಂದಿನ ರೋಗಿಯ ಕಡೆ ನಡೆದರು.

ಭಾಗ್ಯಾ ಕೌಜಲಗಿಯ ಹುಡುಗಿ. ಸುಜಾತಾ ಆಸ್ಪತ್ರೆಯಲ್ಲಿದ್ದಾಗ ಮೊದಲ ಹೆಜ್ಜೆಗಳನ್ನು ಹಾಕಿಸಿದ್ದವಳು ಅವಳೇ. ಮನೆಯಿಂದ ತಂದಿದ್ದ ಬೆಲ್ಟನ್ನು ಹಾಸಿಗೆಯ ಮೇಲೆ ಹರವಿದಳು.

"ನಾ ಎಷ್ಟ ಬಾಣಂತ್ಯಾರ ಹೊಟ್ಟಿ ಕಟ್ಟೇನಿ, ಗೊತ್ತೈತೇನ ನಿನಗ?" ಎಂದು ಶಿವವ್ವ ಕೇಳಿದಳು. ಅದರಲ್ಲಿ ಜಗಳಕ್ಕಿಂತ ಅಂಜಿಕೆ ಹೆಚ್ಚಿತ್ತು.

"ಗೊತ್ತೈತ್ರಿ ಆಯಿ. ನಾ ಹುಟ್ಟಿದಾಗ ನಮ್ಮವ್ವಗೂ ನಿಮ್ಮಂಥಾಕಿನ ಕಟ್ಟಿದ್ಲಂತ. ಇನ್ನೂ ಆಕೀ ಹೆಸರ ತಗೀತಾಳ." ಭಾಗ್ಯಾ ಸುಜಾತಾಳ ಬೆನ್ನಿನ ಕೆಳಗೆ ಬೆಲ್ಟು ಸರಿಸಿದಳು. "ಆದ್ರ ಬಾಣಂತಿ ಹೊಟ್ಟಿ ಖಾಲಿ ಚೀಲ ಇದ್ದಂಗ್ರಿ. ಇದು ತುಂಬಿದ ಗೋಣಿಚೀಲ, ತಳದ ಹೊಲಿಗಿ ಹೊಸಾದು. ಮ್ಯಾಲಿಂದ ಜಗ್ಗಿ ಕಟ್ಟಿದ್ರ ಭಾರ ಎಲ್ಲಿ ಬೀಳತೈತ್ರಿ?"

ಮೆಕ್ಕೆಜೋಳದ ಎಷ್ಟೋ ಚೀಲಗಳ ಬಾಯಿ ಕಟ್ಟಿದ್ದ ಶಿವವ್ವನ ಕಣ್ಣು ಗಾಯದ ಕೆಳತುದಿಯ ಮೇಲೆ ನಿಂತಿತು.

"ತಳಕ್ಕ," ಎಂದಳು.

"ಅದಕ್ಕ ತಳದಿಂದ ಸುರು ಮಾಡೂದ್ರಿ. ಮೊದಲ ಕೆಳಗಿನ ಅಂಚ ಹಿಡಸೂದು, ಆಮ್ಯಾಲ ನಡುವ, ಕಡೀಕ ಮ್ಯಾಲ. ಒಳಗ ಅಂಗೈ ಸಲೀಸ ಹೋಗಬೇಕು. ಉಸರಾಡಿದ್ರ ಹೊಟ್ಟಿ ಉಬ್ಬಬೇಕು. ಈಗ ನೀವ ಕಟ್ರಿ ಆಯಿ."

"ನಾನ?"

"ಮನ್ಯಾಗ ಕಟ್ಟಾವ್ರು ನೀವ ಅಲ್ಲೇನ್ರಿ? ನಾ ಏನ ಮೂಡಲಗಿತನಕ ಬರತೇನೇನ?"

ಶಿವವ್ವ ಕೆಳಗಿನ ಅಂಚನ್ನು ಹಿಡಿಸಿದಳು. ನಡುವಿನದನ್ನು ಹಿಡಿಸಿದಳು. ಮೇಲಿನದಕ್ಕೆ ಬರುತ್ತಲೇ ಅವಳಿಗೆ ತಿಳಿಯದೆಯೇ ಮೊಣಕಾಲು ಎದ್ದು ಹಾಸಿಗೆಯ ಅಂಚಿಗೆ ಬಂತು.

"ಮೊಣಕಾಲ ಬ್ಯಾಡ್ರಿ, ಆಯಿ!"

"ಯವ್ವಾ, ನಗಸಬ್ಯಾಡ್ರೇ ನನ್ನ," ಎಂದು ಸುಜಾತಾ ಹೊಟ್ಟೆ ಹಿಡಿದುಕೊಂಡಳು. ಭಾಗ್ಯಾ ನಕ್ಕಳು. ಶಿವವ್ವ ಮಾತ್ರ ನಗಲಿಲ್ಲ. ಬೆಲ್ಟನ್ನು ಪೂರ್ತಿ ಬಿಚ್ಚಿ ಮತ್ತೆ ತಳದಿಂದ ಶುರುಮಾಡಿದಳು.

ತೊಳೆದು ಒಣಗಿಸಲು ಬೇಕಾಗುತ್ತದೆಂದು ಬರುವಾಗ ಅಂಥದೇ ಇನ್ನೊಂದು ಬೆಲ್ಟನ್ನು ಕೊಂಡರು.

*

ಮರಳಿ ಬರುವ ದಾರಿಯಲ್ಲಿ ಶಿವವ್ವ ಹೊಸ ಬೆಲ್ಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಮನೆಯಲ್ಲಿ ಗೌರವ್ವ ಎರಡು ಸಲ ಕರೆದರೂ ಹಸಿವಿಲ್ಲವೆಂದು ಊಟಕ್ಕೆ ಏಳಲಿಲ್ಲ. ನಾಳೆ ಊರಿಗೆ ಹೊರಟೇಬಿಡುತ್ತಾಳೆಂದು ಸುಜಾತಾ ತಳಮಳಿಸಿದಳು. ಏನೆಂದು ಸಮಾಧಾನ ಹೇಳುವುದು? ತಪ್ಪಾಗಿಲ್ಲವೆನ್ನುವುದು ಸುಳ್ಳು; ಆಗಿದೆಯೆನ್ನಲು ಬಾಯಿ ಬರುವುದಿಲ್ಲ.

ಮಧ್ಯಾಹ್ನ ಪಕ್ಕದ ಕೋಣೆಯಿಂದ ಚರ್, ಚರ್ ಎಂಬ ಸದ್ದು ಕೇಳಿ ಅವಳು ಗೋಡೆ ಹಿಡಿದು ಮೆಲ್ಲಗೆ ಎದ್ದು ಹೋದಳು. ನೆಲದ ಮೇಲೆ ಶಿವವ್ವ ಹೊದೆಯುವ ಒಂದು ಕೌದಿಯನ್ನು ದುಂಡಗೆ ಸುತ್ತಿ ಮಲಗಿಸಿ, ಅದರ ಮುಂದೆ ಕುಳಿತಿದ್ದಳು. ಹೊಸ ಬೆಲ್ಟನ್ನು ಅದಕ್ಕೆ ತಳದಿಂದ ಕಟ್ಟುತ್ತಿದ್ದಳು, ಅಂಗೈ ತೂರಿಸಿ ನೋಡುತ್ತಿದ್ದಳು, ಬಿಚ್ಚುತ್ತಿದ್ದಳು. ಐವತ್ತು ವರ್ಷ ಮೇಲಿನಿಂದ ಶುರುಮಾಡಿದ ಬಲಗೈ ನಡುನಡುವೆ ತಾನಾಗಿ ಮೇಲಿನ ಅಂಚಿಗೆ ಹೋಗುತ್ತಿತ್ತು. ಆಗೆಲ್ಲ ಎಡಗೈಯಿಂದ ಅದರ ಮೇಲೊಂದು ಏಟು ಕೊಟ್ಟು, "ತಳದಿಂದ, ತಳದಿಂದ," ಎಂದು ತನಗೇ ಗದರಿಕೊಳ್ಳುತ್ತಿದ್ದಳು.

ಸುಜಾತಾಳ ಹಿಂದೆಯೇ ಬಂದ ಗೌರವ್ವ ಬಾಗಿಲಲ್ಲಿ ನಿಂತು ಕೇಳಿದರು: "ಬೀಗತ್ಯಾರ, ಕೌದಿಗೆ ಆಪರೇಶನ್ ಆಗೇತೇನ್ರಿ?"

"ಹೌದ್ರಿ," ಎಂದಳು ಶಿವವ್ವ ತಲೆಯೆತ್ತದೆ. "ಎರಡನೇ ಸಲದ್ದು. ಭಾಳ ಜ್ವಾಕಿ ಮಾಡಬೇಕಂತ ಹೇಳ್ಯಾರ."

ಸುಜಾತಾ ತನ್ನ ವೃತ್ತಿಯಲ್ಲಿ ಸಾವಿರಾರು ಮಕ್ಕಳಿಗೆ ತಪ್ಪಿದ ಲೆಕ್ಕವನ್ನು ಅಳಿಸಿ ಮತ್ತೆ ಮಾಡಿರೆಂದು ಹೇಳಿದವಳು. ಎಪ್ಪತ್ತು ದಾಟಿದ ಒಬ್ಬಳು, ಊರೆಲ್ಲ ಹೊಗಳಿದ ತನ್ನ ಕೈಯನ್ನೇ ಹೀಗೆ ಅಳಿಸಿ ತಿದ್ದಿಕೊಳ್ಳುವುದನ್ನು ಅವಳು ನೋಡಿದ್ದಿಲ್ಲ. ಒಳಗೆ ಹೋಗದೆ, ಸದ್ದಾಗದಂತೆ ಹಿಂದೆ ಸರಿದಳು.

ಅಂದಿನಿಂದ ದಿನಕ್ಕೆರಡು ಸಲ ಬೆಲ್ಟು ಕಟ್ಟುವವಳು ಶಿವವ್ವನೇ. ಹಳೆಯ ಧೋತರವೂ ಬೇರೆ ರೂಪದಲ್ಲಿ ಕೆಲಸಕ್ಕೆ ಬಂತು. ಅದನ್ನು ತುಂಡು ಮಾಡಿ, ಅಂಚು ಹೊಲಿದು, ಬೆಲ್ಟಿನ ಕೆಳಗೆ ಮೈಗೆ ತಾಗುವಂತೆ ಹಾಸತೊಡಗಿದಳು. ಬೆವರು ಹೀರಿತು, ತುರಿಕೆ ನಿಂತಿತು. ಕಾಲು ಮಡಿಸಿ ಕೂಡ್ರಲು ಬಿಡದೆ ಕುರ್ಚಿ ಹಾಕಿಸಿದಳು. ಸೀರೆಯೊಳಗಿನ ಪರಕರದ ಲಾಡಿ ಸರಿಯಾಗಿ ಗಾಯದ ಮೇಲೆಯೇ ಬರುತ್ತದೆಂದು ಕಂಡು, ಸಣ್ಣ ಹುಡುಗಿಯರ ಲಂಗಕ್ಕಿರುವಂತೆ ಹೆಗಲಿಗೆ ಪಟ್ಟಿ ಹಚ್ಚಿದ ಪರಕರ ಹೊಲಿದಳು. ಸೀರೆಯ ಭಾರ ಹೆಗಲಿಗೆ ಹೋಯಿತು.

"ಈ ವಯಸ್ಸಿನ್ಯಾಗ ಜಂಪರ-ಲಂಗದ ಹುಡುಗಿ ಆದ್ಯಲ್ಲ," ಎಂದು ಮಹೇಶ ಅಂದ.

"ನೀವ ಸುಮ್ಕಿರ್ರಿ, ನಿಮಗೂ ಒಂದ ಹೊಲಸತೇನಿ. ಹೊಟ್ಟಿ ನೋಡಿದ್ರ ನಿಮಗ ಮೊದಲ ಬೇಕಾಗಿತ್ತು," ಎಂದಳು ಸುಜಾತಾ.

*

ಸೊಸೆ ಸುರಕ್ಷಿತವಾಗಿ ಮನೆಗೆ ಬಂದರೆ ಐದು ಜನ ಮುತ್ತೈದೆಯರಿಂದ ಉಡಿ ತುಂಬಿಸುತ್ತೇನೆಂದು ಗೌರವ್ವ ಹರಕೆ ಹೊತ್ತಿದ್ದರು. ಎಳ್ಳಮಾವಾಸ್ಯೆಯ ಮುಂಚೆ ಅದನ್ನು ತೀರಿಸಬೇಕೆಂದು ಒಂದು ಸೋಮವಾರ ಗೊತ್ತುಮಾಡಿದರು.

ಉಡಿ ತುಂಬುವುದೆಂದರೆ, ಸೀರೆಯ ಸೆರಗನ್ನು ಹೊಟ್ಟೆಯ ಮುಂದೆ ಚೀಲದಂತೆ ಹಿಡಿದು ನಿಲ್ಲಬೇಕು. ಒಬ್ಬೊಬ್ಬರೂ ಬೊಗಸೆಬೊಗಸೆಯಾಗಿ ಅಕ್ಕಿ, ತೆಂಗಿನಕಾಯಿ, ಬಾಳೆಹಣ್ಣು, ಉತ್ತತ್ತಿ, ಅರಿಷಿಣದ ಕೊಂಬು, ಕುಪ್ಪಸದ ಖಣ ಹಾಕುತ್ತಾರೆ. ಆಮೇಲೆ ಅದನ್ನು ಸೊಂಟಕ್ಕೆ ಬಿಗಿದುಕೊಂಡು ದೇವರ ಮುಂದೆ ಹೋಗಿ ಬಾಗಬೇಕು. ಐದು ಕಾಯಿ, ಐವರ ಅಕ್ಕಿ. ತಂಬಿಗೆ ನೀರಿನ ಮಾತು ಸುಜಾತಾಳ ಕಿವಿಯಲ್ಲೇ ಇತ್ತು.

"ಅತ್ತ್ಯಾರ, ಭಾರ ಎತ್ತಬಾರದಂತ ಹೇಳ್ಯಾರ್ರಿ..." ಎಂದು ಅವಳು ಹಿಂದಿನ ದಿನ ಶುರುಮಾಡಿದ್ದಳು.

"ಉಡಿ ಭಾರ ಆಕ್ಕೇತಿ ಅಂತ ಯಾರರೆ ಅಂತಾರೇನವಾ? ಹಂಗ ಬಾಯಾಗ ತರಬಾರದು."

ಅದು ಗದರಿಕೆಯಾಗಲಿ, ಹಟವಾಗಲಿ ಅಲ್ಲವೆಂದು ಸುಜಾತಾಳಿಗೆ ಗೊತ್ತಿತ್ತು. ಶಸ್ತ್ರಚಿಕಿತ್ಸೆ ನಡೆದಷ್ಟು ಹೊತ್ತೂ ಅತ್ತೆ ಹೊರಗಿನ ಬೆಂಚಿನ ಮೇಲೆ ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿದು ನೀರೂ ಕುಡಿಯದೆ ಕುಳಿತಿದ್ದರೆಂದು ಮಹೇಶ ಹೇಳಿದ್ದ. ಅಂಥವರ ಹರಕೆಗೆ ಇಲ್ಲವೆನ್ನುವುದು ಹೇಗೆ? ಸ್ವಲ್ಪ ಹೊತ್ತು ಉಸಿರು ಹಿಡಿದರಾಯಿತೆಂದು ಅವಳು ತನಗೆ ತಾನೇ ಹೇಳಿಕೊಂಡಳು.

ಸೋಮವಾರ ಸಂಜೆ ಶಿವವ್ವ ಬೆಲ್ಟು ಕಟ್ಟಿ, ಹೆಗಲಪಟ್ಟಿಯ ಪರಕರ ತೊಡಿಸಿ, ಇಳಕಲ್ ಸೀರೆ ಉಡಿಸಿದಳು. ಪಡಸಾಲೆಯಲ್ಲಿ ಹೆಂಗಸರ ದನಿ ಕೇಳುತ್ತಲೇ, ವಾಡಿಕೆಯಂತೆ, ಪಾತ್ರೆ ತೊಳೆಯುವ ನೆಪದಲ್ಲಿ ಹಿತ್ತಲಿಗೆ ನಡೆದಳು.

ಐವರಲ್ಲಿ ಮೊದಲು ಗೌರವ್ವನೇ ಹಾಕಿದರು. ಎರಡನೆಯವಳು ಎದುರುಮನೆಯ ಸುಮನ. ಮೂರನೆಯವಳು ಕಾಯಿ ಇಡುವ ಹೊತ್ತಿಗೆ ಸೆರಗು ಕೆಳಗೆ ಜಗ್ಗಿತು. ಸುಜಾತಾ ಎರಡೂ ಕೈಗಳಿಂದ ಎತ್ತಿ ಹಿಡಿಯಲು ನೋಡಿದಳು. ಎತ್ತಿದಷ್ಟೂ ಹೊಟ್ಟೆಯ ಒಳಗೆ, ಗಾಯದ ಕೆಳತುದಿಯಲ್ಲಿ, ಯಾರೋ ದಾರ ಹಿಡಿದು ಎಳೆದಂತಾಯಿತು. ಅವಳು ಉಸಿರು ಬಿಗಿಹಿಡಿದಳು. ನಾಲ್ಕನೆಯವಳು ಅಕ್ಕಿಗೆ ಬೊಗಸೆ ಹಾಕಿದ್ದಳು.

ಅಷ್ಟರಲ್ಲಿ ಹಿತ್ತಲ ಬಾಗಿಲಿನಿಂದ ಶಿವವ್ವ ಬಂದಳು. ಕೈಗಳು ಇನ್ನೂ ಒದ್ದೆಯಾಗಿದ್ದವು. ಕುಳಿತಿದ್ದ ಹೆಂಗಸರ ನಡುವೆ ದಾರಿ ಮಾಡಿಕೊಂಡು ನೇರ ಸುಜಾತಾಳ ಮುಂದೆ ಬಂದು ನೆಲಕ್ಕೆ ಮೊಣಕಾಲೂರಿದಳು. ತನ್ನ ಸೆರಗನ್ನು ಬಿಚ್ಚಿ ಸುಜಾತಾಳ ಸೆರಗಿನ ಕೆಳಗೆ ಹರವಿ, ಕೆಳಗಿನಿಂದ ಎರಡೂ ಕೈ ಕೊಟ್ಟು, ಅಕ್ಕಿ-ಕಾಯಿಗಳ ಭಾರವನ್ನು ಪೂರ್ತಿಯಾಗಿ ಎತ್ತಿ ಹಿಡಿದಳು. ಸುಜಾತಾಳ ಹೊಟ್ಟೆಯ ಸೆಳೆತ ಒಮ್ಮೆಲೇ ನಿಂತಿತು.

ನಾಲ್ಕನೆಯವಳ ಬೊಗಸೆ ಹಾಗೆಯೇ ಗಾಳಿಯಲ್ಲಿ ನಿಂತಿತ್ತು. ಗಂಡನಿಲ್ಲದ ಒಬ್ಬಳ ಸೆರಗು ಉಡಿಯ ಕೆಳಗೆ ಹರಡಿದ್ದನ್ನು ಅಲ್ಲಿದ್ದ ಯಾರೂ ಅದುವರೆಗೆ ಕಂಡಿದ್ದಿಲ್ಲ. ಹಾಗೆ ಬೇರೆ ಯಾರಾದರೂ ಹತ್ತಿರ ನಿಂತರೆ ಗದರಿಸುತ್ತಿದ್ದವಳೂ ಶಿವವ್ವನೇ.

"ಹಾಕ್ರಿ," ಎಂದಳು ಅವಳು ಕೆಳಗಿನಿಂದ. "ಉಡಿ ಆಕೀದು. ಭಾರ ಅಷ್ಟ ನಂದು."

ಎಲ್ಲರೂ ಗೌರವ್ವನ ಮುಖ ನೋಡಿದರು. ಹರಕೆ ಅವರದು, ಮನೆ ಅವರದು. ಗೌರವ್ವ ಸೊಸೆಯ ಮುಖ ನೋಡಿದರು. ಅದರ ಮೇಲಿನ ಬೆವರನ್ನು ಅವರು ಆಗಲೇ ಕಂಡದ್ದು. ಆಮೇಲೆ ನೆಲದ ಮೇಲಿದ್ದ ಬೀಗತಿಯನ್ನು ನೋಡಿದರು.

"ನಿಂತೀರ್ಯಾಕ? ಲಗೂ ಹಾಕ್ರಿ," ಎಂದರು. "ಬೀಗತ್ಯಾರ ಮೊಣಕಾಲ ಮೊದಲ ನೋಯತಾವು."

ಅಕ್ಕಿ ಬಿತ್ತು. ಐದನೆಯ ಕಾಯಿಯೂ ಬಿತ್ತು. ಉಡಿ ತುಂಬಿಸಿಕೊಂಡವಳು ದೇವರ ಕೋಣೆಯವರೆಗೆ ನಡೆಯಬೇಕಿತ್ತು. ಸುಜಾತಾ ಸೆರಗಿನ ತುದಿಗಳನ್ನು ಹಿಡಿದಳು, ಶಿವವ್ವ ಭಾರ ಹೊತ್ತು ಅವಳಿಗೆ ಎದುರಾಗಿ ಹಿಂದೆ ಹಿಂದೆ ಹೆಜ್ಜೆಯಿಟ್ಟಳು. ಇಬ್ಬರೂ ಒಂದೇ ಗಂಟಿನಲ್ಲಿ ಸಿಕ್ಕಿದವರಂತೆ ತಡವರಿಸುತ್ತ ಸಾಗುವುದನ್ನು ನೋಡಿ ಸುಮನ ಅಂದಳು: "ಅಕ್ಕಿಕಾಳ ಹಾಕ್ರೇ, ಮದವಿ ನಡದೈತಿ ಇಲ್ಲಿ!"

ಮೊದಲು ನಕ್ಕವರು ಗೌರವ್ವ. ಆಮೇಲೆ ಎಲ್ಲರೂ ನಕ್ಕರು. ಸುಜಾತಾ, "ನಗಸಬ್ಯಾಡ್ರಿ, ಕೈಮುಗಿತೇನಿ," ಎನ್ನುತ್ತಲೇ ದೇವರ ಮುಂದೆ ನಿಂತಳು. ಬಾಗಲು ಶಿವವ್ವ ಬಿಡಲಿಲ್ಲ, ನಿಂತಲ್ಲಿಂದಲೇ ಕೈಮುಗಿಸಿದಳು.

ಹೆಂಗಸರು ಹೋದ ಮೇಲೆ ಬೆಲ್ಟು ಬಿಚ್ಚಿ ಗಾಯ ನೋಡಿದರು. ಉಬ್ಬಿರಲಿಲ್ಲ, ನೀರಿರಲಿಲ್ಲ.

"ಇವತ್ತ ಹಿತ್ತಲದಾಗ ಇರಲಿಲ್ಲಲ್ಲ ದೊಡ್ಡವ್ವ ನೀ," ಎಂದಳು ಸುಜಾತಾ.

"ಇದ್ದೆ. ಕಿಡಿಕ್ಯಾಗ ನಿನ್ನ ಮಾರಿ ಕಂಡಿತು. ಬಾಣಂತ್ಯಾರು ಉಸರ ಹಿಡದ್ರ ನನಗ ತಿಳೀತೈತಿ." ಬೆಲ್ಟಿನ ಕೆಳಗಿನ ಅಂಚನ್ನು ಹಿಡಿಸುತ್ತ ಅವಳು ಮತ್ತೆ ಹೇಳಿದಳು, "ಯಾರರೆ ಏನರೆ ಅಂದ್ರ ಅನ್ನಲಿ. ಆ ಹೊಲಿಗಿ ಹರದಿದ್ರ ಮತ್ತ ಯಾರ ಹಾಕಬೇಕಿತ್ತು?"

ಸುಜಾತಾ ಅವಳ ಕೈಯನ್ನು ತನ್ನ ಹೊಟ್ಟೆಯ ಮೇಲೆ ಸ್ವಲ್ಪ ಹೊತ್ತು ಹಾಗೆಯೇ ಹಿಡಿದುಕೊಂಡಳು. ದೊಡ್ಡವ್ವನಂಥವರಿಗೆ ಉಪಕಾರವಾಯಿತೆಂದು ಬಾಯಿಬಿಟ್ಟು ಹೇಳುವ ರೂಢಿ ಆ ಮನೆಗಳಲ್ಲಿ ಇರಲಿಲ್ಲ. ಹೇಳಿದ್ದರೆ ಶಿವವ್ವ ಬೈಯುತ್ತಿದ್ದಳು.

*

ಮಾರ್ಚ್ ಮೊದಲ ವಾರ ಗೋಕಾಕದಲ್ಲಿ ಡಾಕ್ಟರ್ ಬಾಯಾರು ಸುಜಾತಾಳನ್ನು ಮಲಗಿಸಿ, ತಲೆಯೆತ್ತಿಸಿ, ಕೆಮ್ಮಿಸಿ, ಗಾಯದುದ್ದಕ್ಕೂ ಬೆರಳೊತ್ತಿ ನೋಡಿದರು. ಹೊಲಿಗೆ ಹಿಡಿದಿತ್ತು. ಇನ್ನು ಬೆಲ್ಟು ಬೇಡವೆಂದರು. ಶಾಲೆಗೆ ಹೋಗಬಹುದೆಂದರು. ಭಾಗ್ಯಾ ಶಿವವ್ವನಿಗೆ, "ಆಯಿ, ನಮ್ಮಲ್ಲೇ ಕೆಲಸಕ್ಕ ಬರ್ರಿ, ಪಗಾರ ಕೊಡಸತೇನಿ," ಎಂದಳು. "ಮೊಣಕಾಲ ಹಚ್ಚಾಕ ಬಿಟ್ರ ಬರತೇನಿ," ಎಂದಳು ಶಿವವ್ವ.

ಅವಳು ಊರಿಗೆ ಹೊರಟ ಮುಂಜಾನೆ ಗೌರವ್ವ ಒಂದು ಖಣ, ಕಾಯಿ, ಅಕ್ಕಿಯನ್ನು ಅವಳ ಚೀಲಕ್ಕೆ ತುಂಬಿದರು. ಬೇಡವೆಂದು ಇವಳು ತೆಗೆದಿಡುವುದು, ಅವರು ಮತ್ತೆ ತುಂಬುವುದು, ಬಸ್ ನಿಲ್ದಾಣದವರೆಗೂ ನಡೆಯಿತು. ಕೊನೆಗೆ ಕಂಡಕ್ಟರ್, "ಆಯಿ, ಇಳೀತಿರೋ ಹೋಗೂಣೋ?" ಎಂದ ಮೇಲೆ ಚೀಲ ಶಿವವ್ವನ ತೊಡೆಯ ಮೇಲೆಯೇ ಉಳಿಯಿತು.

ಮಹೇಶ ಬರೆದಿಟ್ಟ ಖರ್ಚಿನ ವಿವರ ಇಷ್ಟು: ಆಸ್ಪತ್ರೆಗೆ, ಜಾಳಿಗೆಯೂ ಸೇರಿ, ಎಂಬತ್ತೆರಡು ಸಾವಿರ ರೂಪಾಯಿ. ನೀರು ತೆಗೆಸಿದ ದಿನ ಸ್ಕ್ಯಾನಿನ ಸಹಿತ ಒಂದು ಸಾವಿರದ ಎಂಟುನೂರು. ಬೆಲ್ಟು ಎರಡು, ಒಂದಕ್ಕೆ ಏಳುನೂರ ಐವತ್ತರಂತೆ ಒಂದು ಸಾವಿರದ ಐನೂರು. ಪರಕರದ ಬಟ್ಟೆ, ದಾರ, ನಾಲ್ಕುನೂರ ಇಪ್ಪತ್ತು. ಪ್ರಭುವಿನ ಕಾರಿಗೆ ಮೂರು ಸಲಕ್ಕೆ ಕೂಡಿ ಐದು ಸಾವಿರದ ನಾಲ್ಕುನೂರು. ಶಿವವ್ವನ ಬಸ್ಸಿಗೆ ಖರ್ಚಿಲ್ಲ. ಹೆಣ್ಣುಮಕ್ಕಳಿಗೆ ಟಿಕೀಟು ಉಚಿತ. ಉಡಿಯ ಸಾಮಾನಿಗೆ ಒಂದು ಸಾವಿರದ ನೂರು. ಭಾಗ್ಯಾಳಿಗೆ ಕೊಟ್ಟ ಕರದಂಟು ಅರ್ಧ ಕಿಲೋ, ಮುನ್ನೂರು.